ಮನೆಯೊಳಗಣ ಕಾಲುವೆ

ಬೀದರ ನಗರದ ನೆಲವನ್ನು ಅಗೆದವರಿಗೆಲ್ಲ ಕೆಂಪು ಬಣ್ಣದ ಜಂಬಿಟ್ಟಿಗೆ ಕಲ್ಲಿನ ಪರಿಚಯವುಂಟು. ಮೇಲೆ ಆ ಕಲ್ಲು, ಅದರ ಅಡಿಯಲ್ಲಿ ಕರಿಯ ಕಲ್ಲು. ಇವೆರಡರ ಸಂದಿನಲ್ಲಿ ಮಳೆಯ ನೀರು ಇಂಗಿ ನಿಲ್ಲುತ್ತದೆ. 15ನೆಯ ಶತಮಾನದಲ್ಲಿ, ಬಹಮನೀ ಅರಸರ ಕಾಲದ ಕುಶಲಿಗಳು ಈ ಗುಟ್ಟನ್ನರಿತು, ಪರ್ಷಿಯಾ ದೇಶದ ಪದ್ಧತಿಯಂತೆ ನೆಲದೊಳಗೆ ಸುರಂಗಗಳನ್ನು ಕೊರೆದು ಊರಿಗೆ ನೀರು ತಂದರು. ನೌಬಾದಿನ ಸುರಂಗವು ಎರಡು ಕಿಲೋಮೀಟರಿಗೂ ಮಿಗಿಲಾದುದು. ಅದಕ್ಕೆ ಗಾಳಿಯಾಡಲೆಂದು ತೋಡಿದ ಬಾವಿಗಳೇ 21. ಹಳೆಯ ಪೇಟೆಯೊಳಗೆ ಜಮುನಾ ಮೋರಿ ಎಂಬ ಇನ್ನೊಂದು ಏರ್ಪಾಡಿತ್ತು. ನೀರನ್ನು ದೂರದಿಂದ ತರುವುದಕ್ಕಿಂತ, ಬಂದ ನೀರನ್ನು ಗಲ್ಲಿಗಲ್ಲಿಗೆ ಹಂಚುವುದೇ ಅದರ ಕೆಲಸವಾಗಿತ್ತು. ತರುವುದು ಬೇರೆ, ಹಂಚುವುದು ಬೇರೆ ಎಂಬ ಈ ವಿವೇಕವು ಐದುನೂರು ವರ್ಷಗಳ ಮೇಲೆ ಅದೇ ಪೇಟೆಯ ಒಂದು ಮನೆಯಲ್ಲಿ ಮತ್ತೆ ಬೇಕಾಯಿತು.

ಅದು 2020ರ ಮಳೆಗಾಲ. ಮಾರ್ಚ್ ತಿಂಗಳಲ್ಲಿ ಮುಚ್ಚಿದ ಶಾಲೆ ಕಾಲೇಜುಗಳ ಬಾಗಿಲು ಇನ್ನೂ ತೆರೆದಿರಲಿಲ್ಲ. ಚೌಬಾರದಿಂದ ಕೂಗಳತೆಯಲ್ಲಿದ್ದ ಆ ಹಳೆಯ ಮನೆಯಲ್ಲಿ ಆಗ ಮೂರು ಊರಿನ ಜನ ಸೇರಿದ್ದರು. ಹೈದರಾಬಾದಿನ ಕಚೇರಿಯ ಕೆಲಸವನ್ನು ಮನೆಯಿಂದಲೇ ಮಾಡತೊಡಗಿದ್ದ ಕಿರಿಯ ಮಗ, ಡಿಪ್ಲೊಮಾ ಓದಲು ಭಾಲ್ಕಿಯಿಂದ ಬಂದಿದ್ದ ಹಿರಿಯ ಮಗಳ ಮಗ, ಬಿ.ಎಸ್‌ಸಿ. ಓದುತ್ತಿದ್ದ, ಔರಾದದ ಮಗಳ ಮಗಳು. ಮೂವರಿಗೂ ಒಂದೊಂದು ಗಣಕಯಂತ್ರವಿತ್ತು. ಅಂತರಜಾಲದ ಎಳೆ ಮಾತ್ರ ಒಂದೇ. ಗಾಜಿನ ಕೂದಲಿನಂತಹ ಆ ಎಳೆ ಬೀದಿಯ ಕಂಬದಿಂದ ಇಳಿದು ಪಡಸಾಲೆಯ ಪೆಟ್ಟಿಗೆಯೊಂದರಲ್ಲಿ ಕೊನೆಗೊಳ್ಳುತ್ತಿತ್ತು.

ಆ ಪೆಟ್ಟಿಗೆಯ ಹೆಸರು ರೌಟರ್. ಅದರ ಕೆಲಸವನ್ನು ತಿಳಿಯಬೇಕಾದರೆ ಹಳೆಯ ಕಾಲದ ವಾಡೆಯನ್ನು ನೆನೆಯಬೇಕು. ಹೆಬ್ಬಾಗಿಲು ಒಂದು, ಒಳಗೆ ಏಳೆಂಟು ಸಂಸಾರ. ಅಂಚೆಯವನು ಕಾಗದಗಳನ್ನೆಲ್ಲ ಹೆಬ್ಬಾಗಿಲಿನ ಕಾವಲುಗಾರನ ಕೈಗೆ ಕೊಟ್ಟು ಹೋದರೆ, ಯಾವುದು ಯಾರದೆಂದು ನೋಡಿ ಮುಟ್ಟಿಸುವ ಹೊಣೆ ಆ ಕಾವಲುಗಾರನದು. ಅಂತರಜಾಲದ ಹಳೆಯ ಕ್ರಮದಲ್ಲಿ ಇರುವ ವಿಳಾಸಗಳ ಸಂಖ್ಯೆ ಸುಮಾರು 430 ಕೋಟಿ. ಅಪಾರವೆಂದು ತೋರಿದ ಈ ಭಂಡಾರದ ಕೊನೆಯ ಕಂತು 2011ರ ಫೆಬ್ರವರಿಯಲ್ಲಿಯೇ ಹಂಚಿಹೋಯಿತು. ಆದುದರಿಂದ ಸಾಮಾನ್ಯವಾಗಿ ಒಂದು ಮನೆಗೆ ಹೊರಗಿನ ವಿಳಾಸ ಒಂದೇ. ಒಳಗಿನ ಯಂತ್ರಗಳಿಗೆ ರೌಟರ್ ತಾನೇ 192.168 ಎಂದು ತೊಡಗುವ ಮನೆವಾರ್ತೆಯ ಸಂಖ್ಯೆಗಳನ್ನು ಕೊಡುತ್ತದೆ. ಯಾರು ಏನನ್ನು ಕೇಳಿದರೆಂದು ತನ್ನ ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ಉತ್ತರ ಬಂದಾಗ ಕೇಳಿದವರಿಗೇ ಒಪ್ಪಿಸುತ್ತದೆ.

ಇಷ್ಟೆಲ್ಲ ಇದ್ದೂ ಆ ಮನೆಯಲ್ಲಿ ನಿತ್ಯವೂ ಜಗಳ. ರೌಟರು ಗಾಳಿಯ ಮೂಲಕ ಹೊಮ್ಮಿಸುವ ಅಲೆಗಳು ಪಡಸಾಲೆಯನ್ನು ದಾಟುತ್ತಿರಲಿಲ್ಲ. ಎರಡು ಅಡಿ ದಪ್ಪದ ಕಲ್ಲಿನ ಗೋಡೆ ಅವನ್ನು ನುಂಗುತ್ತಿತ್ತು. ಬೇಸಗೆಯಲ್ಲಿ ಮನೆಯನ್ನು ತಂಪಾಗಿಡುವ ಗೋಡೆಯೇ ಇಲ್ಲಿ ಹಗೆಯಾಯಿತು. ಪಡಸಾಲೆಯ ಮೇಜು ಸಂಬಳ ತರುವ ಮಗನಿಗೆ ಮೀಸಲು. ಹುಡುಗನು ಬಾಗಿಲಿನ ಹತ್ತಿರ ಹೇಗೋ ಜಾಗ ಹಿಡಿಯುತ್ತಿದ್ದ. ಹಿಂದಿನ ಕೋಣೆ ದೊರೆತ ಹುಡುಗಿ ಅಂಗಳದ ಕಟ್ಟೆಯ ಮೇಲೆ ಕೊಡೆ ಹಿಡಿದು ಕುಳಿತು ಪಾಠ ಕೇಳಬೇಕಾಯಿತು. ಆಗಸ್ಟಿನಲ್ಲಿ ಒಂದು ಕಿರುಪರೀಕ್ಷೆ ಅರ್ಧದಲ್ಲಿಯೇ ಕಡಿದುಹೋಯಿತು. ಅಂದಿನ ರಾತ್ರಿ ಔರಾದದಿಂದ ತಂದೆಯ ಫೋನು ಬಂದಿತು: "ಮನ್ಯಾಗೇ ಕುಂತು ಓದೂದಿದ್ದರ ಇಲ್ಲೇ ಬಂದು ಕುಂಡ್ರವ್ವಾ." ಊರಿಗೆ ಹೋದರೆ ಅಲ್ಲಿ ಫೋನಿನ ಸಿಗ್ನಲ್ಲು ಮಾಳಿಗೆಯ ಒಂದು ಮೂಲೆಯಲ್ಲಿ ಮಾತ್ರ. ಹೋದವಳು ಮತ್ತೆ ಓದಿಗೆ ಮರಳುವುದು ಕಷ್ಟವೆಂಬುದನ್ನು ಹುಡುಗಿ ಬಲ್ಲಳು, ಹೇಳಲಿಲ್ಲ. ಹೇಳದಿದ್ದುದನ್ನು ಮುತ್ಯಾ ಅರಿತರು.

ಮರುದಿನ ಮಗ ಎಂಟು ಕಿಂಡಿಗಳ ಸ್ವಿಚ್ಚನ್ನೂ ತಂತಿಯ ಸುರುಳಿಯನ್ನೂ ತಂದ. ಸ್ವಿಚ್ಚಿನ ಬೆಲೆ ಸಾವಿರ ರೂಪಾಯಿಗೂ ಕಡಮೆ. ಅದನ್ನು ತಿರುಗಿಸಿ ನೋಡಿದ ಆಯಿ, "ಇದನ್ನ ಒತ್ತಿದರ ಯಾವ ದೀಪ ಹತ್ತತದ?" ಎಂದು ಕೇಳಿದರು. ಅವರದು ತಪ್ಪಲ್ಲ, ಹೆಸರಿಟ್ಟವರದೇ ತಪ್ಪು. ಇದು ದೀಪ ಹತ್ತಿಸುವುದಲ್ಲ, ಕವಲೊಡೆಸುವುದು. ಪ್ರತಿಯೊಂದು ಯಂತ್ರಕ್ಕೂ ಹುಟ್ಟುಗುರುತಿನಂತೆ ಒಂದು ಸಂಖ್ಯೆ ಇರುತ್ತದೆ. ಯಾವ ಕಿಂಡಿಯಲ್ಲಿ ಯಾವ ಸಂಖ್ಯೆಯವರು ಇದ್ದಾರೆಂಬುದನ್ನು ಸ್ವಿಚ್ಚು ಸಂಚಾರವನ್ನು ನೋಡನೋಡುತ್ತಲೇ ಕಲಿತು, ಅವರವರ ಸರಕನ್ನು ಅವರವರ ಕಿಂಡಿಗೇ ಕಳಿಸುತ್ತದೆ. ಹಿಂದಿನ ಕಾಲದ ಹಬ್ ಎಂಬ ಪೆಟ್ಟಿಗೆ ಒಬ್ಬರ ಮಾತನ್ನು ಡಂಗುರದಂತೆ ಎಲ್ಲರಿಗೂ ಸಾರುತ್ತಿತ್ತು. ಈ ತಂತಿಜಾಲಕ್ಕೆ ಈಥರ್ನೆಟ್ ಎಂದು ಹೆಸರು. ಇದನ್ನು 1973ರಲ್ಲಿ ರೂಪಿಸಿದವರಲ್ಲಿ ಮುಖ್ಯನಾದವನು ಅಮೆರಿಕದ ರಾಬರ್ಟ್ ಮೆಟ್‌ಕಾಫ್.

ತಂತಿಯನ್ನು ಒಳಗೆ ಒಯ್ಯುವುದೇ ಕಷ್ಟವಾಯಿತು. ಗೋಡೆಗೆ ತೂತು ಕೊರೆಯಲು ಮುತ್ಯಾ ಒಪ್ಪಲಿಲ್ಲ. ಅಜ್ಜನ ಕಾಲದ ಗೋಡೆ. ಅವರ ಹಟದಲ್ಲಿ ನ್ಯಾಯವೂ ಇತ್ತು. ಕೊನೆಗೆ ಅವರೇ ಬೆಳಕಿಂಡಿಗಳನ್ನು ತೋರಿಸಿದರು. ಸುರಂಗದ ಮೇಲಿನ ಬಾವಿಗಳಂತೆ ಸಾಲಾಗಿದ್ದ ಆ ಕಿಂಡಿಗಳ ಮೂಲಕ ತಂತಿಯು ಅಡಿಗೆಮನೆಯನ್ನು ಬಳಸಿ ಹಿಂದಿನ ಕೋಣೆಯನ್ನು ಮುಟ್ಟಿತು. ಇಂತಹ ತಂತಿಗೆ 100 ಮೀಟರಿನ ಮಿತಿಯುಂಟು; ಇಲ್ಲಿ ಅದರ ಕಾಲುಭಾಗವೂ ಬೇಕಾಗಲಿಲ್ಲ.

ತಂತಿಯ ತುದಿಯನ್ನು ಸುಲಿದಾಗ ಎಂಟು ಎಳೆಗಳು ಹೊರಬಿದ್ದವು. ಎರಡೆರಡು ಹುರಿಗೊಂಡು ನಾಲ್ಕು ಜೋಡಿ. "ಇವನ್ನ ಹಿಂಗ್ಯಾಕ ಹೊಸದಾರ ಮಾಮಾ?" ಎಂದಳು ಹುಡುಗಿ. ಹೊಸೆದ ಜೋಡಿಯ ಎರಡು ಎಳೆಗಳಿಗೂ ಹೊರಗಿನ ವಿದ್ಯುತ್ತಿನ ಗದ್ದಲ ಸಮವಾಗಿ ತಾಗುತ್ತದೆ. ಸಮವಾಗಿ ತಾಗಿದ್ದನ್ನು ಕಳೆದುಹಾಕುವುದು ಸುಲಭ. ಟೆಲಿಫೋನಿನ ಗ್ರಹಾಂ ಬೆಲ್ 1881ರಲ್ಲಿಯೇ ಈ ಉಪಾಯಕ್ಕೆ ಹಕ್ಕುಪತ್ರ ಪಡೆದಿದ್ದ. ಕಿತ್ತಳೆ ಪಟ್ಟೆ, ಕಿತ್ತಳೆ, ಹಸಿರು ಪಟ್ಟೆ, ನೀಲಿ, ನೀಲಿ ಪಟ್ಟೆ, ಹಸಿರು, ಕಂದು ಪಟ್ಟೆ, ಕಂದು: ಈ ಸರಣಿಯನ್ನು ಹುಡುಗಿ ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡು, ಎಳೆಗಳನ್ನು ಬಿರಡೆಗೆ ತೂರಿಸಿ ಇಕ್ಕಳದಿಂದ ತಾನೇ ಒತ್ತಿದಳು. ಮೊದಲೆರಡು ಕೆಟ್ಟವು. ಮೂರನೆಯದಕ್ಕೆ ಹಸಿರು ದೀಪ ಹತ್ತಿತು.

ಕಾಲುವೆಗೆ ಕವಲು ಹೆಚ್ಚಿದ ಮಾತ್ರಕ್ಕೆ ನೀರು ಹೆಚ್ಚದು. ಮೂವರೂ ಒಮ್ಮೆಗೇ ಹೊರಜಾಲದಿಂದ ಎಳೆದರೆ ಒಂದೇ ಎಳೆಯ ವೇಗವನ್ನು ಹಂಚಿಕೊಳ್ಳಲೇಬೇಕು. ಆದರೆ ಮನೆಯ ಒಂದು ಯಂತ್ರದಿಂದ ಇನ್ನೊಂದಕ್ಕೆ ಕಡತ ಕಳುಹಿಸುವಾಗ ಸ್ವಿಚ್ಚು ಅದನ್ನು ಒಳಗಿನಿಂದಲೇ ದಾಟಿಸುತ್ತದೆ. ಬೀದಿಯ ಎಳೆಗೆ ಅದರ ಸುದ್ದಿಯೇ ಇಲ್ಲ. ಸುರಂಗದ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ.

ಮರುಪರೀಕ್ಷೆಯ ದಿನ ಬಂದಿತು. ಬೆಳಗ್ಗೆ ಹತ್ತಕ್ಕೆ ಪರೀಕ್ಷೆ. ಒಂಬತ್ತೂವರೆಗೆ ಮನೆಯ ಜಾಲವೆಲ್ಲ ಸತ್ತಂತಾಯಿತು. ಮಗ ಬೀದಿಯ ಎಳೆ ಕಡಿದಿರಬೇಕೆಂದ. ಹುಡುಗನು ರೌಟರನ್ನು ಆರಿಸಿ ಹತ್ತಿಸಿದ, ಫಲವಿಲ್ಲ. ಹುಡುಗಿ ಅಳುಕಿದಳು, ಆದರೂ ಪೆಟ್ಟಿಗೆಯ ಮುಂದೆ ಕುಳಿತಳು. ರೌಟರ್ ಒಂದು, ಗಣಕಗಳು ಮೂರು. ನಾಲ್ಕು ದೀಪಗಳು ಉರಿಯಬೇಕು. ಆರು ಉರಿಯುತ್ತಿದ್ದವು. ಆರೂ ಹುಚ್ಚು ಹಿಡಿದಂತೆ ಮಿಣುಕುತ್ತಿದ್ದವು. ಐದನೆಯ ಕಿಂಡಿಯ ತಂತಿಯನ್ನು ಬೆರಳಿನಿಂದ ಸವರುತ್ತ ಹೋದಳು. ಅದು ಮೇಜಿನ ಕೆಳಗೆ ಸುತ್ತಿ ಬಂದು ಅದೇ ಪೆಟ್ಟಿಗೆಯ ಆರನೆಯ ಕಿಂಡಿಯನ್ನು ಸೇರಿತ್ತು!

"ಖಾಲಿ ಜೋತಾಡ್ತಿತ್ತು ಅಕ್ಕಾ, ಅದಕ್ಕ ಹಚ್ಚಿದ್ದೆ" ಎಂದ ಹುಡುಗ. ಒಂದು ಯಂತ್ರವು "ಈ ವಿಳಾಸದವರು ಯಾರು?" ಎಂದು ಎಲ್ಲರನ್ನೂ ಕೂಗಿ ಕೇಳುವುದುಂಟು. ಸ್ವಿಚ್ಚು ಆ ಕೂಗನ್ನು ಉಳಿದೆಲ್ಲ ಕಿಂಡಿಗಳಿಗೆ ದಾಟಿಸುತ್ತದೆ. ಐದರಿಂದ ಹೊರಟ ಕೂಗು ಆರರಿಂದ ಹೊಸದೆಂಬಂತೆ ಒಳಬಂದರೆ ಮತ್ತೆ ಎಲ್ಲೆಡೆಗೆ ಹೋಗುತ್ತದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೂಗಿನ ಮೇಲೆ ಕೂಗು ತುಂಬಿ ನಿಜವಾದ ಮಾತಿಗೆ ಎಡೆಯೇ ಇಲ್ಲವಾಗುತ್ತದೆ. ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ 1985ರಲ್ಲಿಯೇ ಇದಕ್ಕೆ ತಡೆಯನ್ನು ಕಂಡುಹಿಡಿದಿದ್ದರೂ ಅಗ್ಗದ ಸ್ವಿಚ್ಚುಗಳಲ್ಲಿ ಅದು ಇರುವುದು ಅಪರೂಪ. ಹುಡುಗಿ ತಂತಿಯ ಒಂದು ತುದಿಯನ್ನು ಕಿತ್ತಳು. ಕೊಂಚ ಹೊತ್ತಿನಲ್ಲಿ ದೀಪಗಳು ಸಾವಧಾನಕ್ಕೆ ಬಂದವು. ಗಡಿಯಾರ 9.50 ತೋರಿಸುತ್ತಿತ್ತು. ಹುಡುಗನನ್ನು ಬೈಯಲು ಮಾಮಾ ಬಾಯಿ ತೆರೆದಿದ್ದ. ಮುತ್ಯಾ ಕೈಸನ್ನೆ ಮಾಡಿ ತಡೆದರು. ಅವಳು ಆಗಲೇ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು.

ಅಂದು ಸಂಜೆ ಆಯಿ ಹಳೆಯ ಸೀರೆಯ ಅಂಚಿನ ತುಂಡುಗಳನ್ನು ಕೊಟ್ಟರು. ಹುಡುಗನು ಅವುಗಳ ಮೇಲೆ ಹೈದರಾಬಾದ್, ಭಾಲ್ಕಿ, ಔರಾದ ಎಂದು ಬರೆದು ಒಂದೊಂದು ತಂತಿಗೆ ಕಟ್ಟಿದ.

ದೀಪಾವಳಿಗೆ ಭಾಲ್ಕಿಗೆ ಹೋದಾಗ, ತಮ್ಮ ಮನೆಗೂ ಇಂತಹ ಸ್ವಿಚ್ಚು ಬೇಕೆಂದು ಅಲ್ಲಿಯವರು ಕೇಳಿದರು. ಅದು ತೆಳುವಾದ ಇಟ್ಟಿಗೆಗೋಡೆಗಳ ಹೊಸ ಮನೆ. ರೌಟರನ್ನು ಮೂಲೆಯಿಂದ ನಡುಮನೆಗೆ ತಂದಿಟ್ಟರೆ ಸಾಕೆಂದು ಹುಡುಗಿ ಹೇಳಿದಳು, ಸಾಕಾಯಿತು. ಔರಾದದಲ್ಲಿ ಹಾಗಿರಲಿಲ್ಲ. ಹಂಚುವುದಕ್ಕೆ ಮೊದಲು ಏನಾದರೂ ಬರಬೇಕಷ್ಟೆ. ಉಳಿದ ತಂತಿಯ ಸುರುಳಿಯನ್ನು ಅವಳು ಅಟ್ಟದ ಮೊಳೆಗೆ ತೂಗುಹಾಕಿ ಬಂದಳು.

ಅದು ಅಲ್ಲಿಯೇ ಎರಡು ವರ್ಷ ಧೂಳು ಹಿಡಿಯಿತು. ಓಣಿಗೆ ಎಳೆ ಬಂದ ದಿನ ತಂದೆಯೇ ಅದನ್ನು ಇಳಿಸಿ ಒರೆಸಿ, ಬೀದರಕ್ಕೆ ಫೋನು ಮಾಡಿದರು:

"ಇದರ ಎರಡೂ ತುದಿ ಒಂದೇ ತರಹ ಅವ ನೋಡವ್ವಾ. ಯಾವುದನ್ನ ಎಲ್ಲಿ ಹಚ್ಚಲಿ?"