ಕೊರಮೀನಿಗೆ ರಬ್ಬರ್ ಕಪ್ಪೆ

ಮೃಗಶಿರ ಈ ಸಲ ಬಿಡದೆ ಹೊಡೀತು. ಒಟ್ಲು ಬಿಟ್ಟಾಗಿದೆ, ನಾಟಿಗೆ ಇನ್ನೂ ಮೂರು ವಾರ ಇದೆ. ರಾಗಿ ಹೊಲಕ್ಕೆ ಕಾಲಿಟ್ರೆ ಚಪ್ಪಲಿ ಅಲ್ಲೇ ಉಳಿಯುತ್ತೆ, ಟ್ರ್ಯಾಕ್ಟರ್ ಇಳಿಸೋ ಮಾತೇ ಇಲ್ಲ. ಇಂಥ ಹೊತ್ತಲ್ಲಿ ನಾನು ಎಲ್ಲಿರ್ತೀನಿ ಅಂತ ಊರಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ, ಕೆರೆ ಏರಿ ಮೇಲೆ. ಹಾಗಾಗಿ ಇವತ್ತಿನ ಬರಹದಲ್ಲಿ ಗೊಬ್ಬರ ಇಲ್ಲ, ರೇಟೂ ಇಲ್ಲ. ಕೊರಮೀನಿನ ವಿಷಯ ಇದೆ. ಜೊತೆಗೆ ಎರಡು ವರ್ಷದಿಂದ ಬರೀಬೇಕು ಅಂದ್ಕೊಂಡು ಬರೆಯದೆ ಬಿಟ್ಟಿದ್ದ ಒಂದು ಸಂಗತಿನೂ ಇದೆ.

ನಾವು ಕೊರಮೀನು ಅನ್ನೋದನ್ನ ಕೆಲವು ಕಡೆ ಕುಚ್ಚು ಮೀನು ಅಂತಾರೆ. ಇಂಗ್ಲಿಷಿನಲ್ಲಿ ಮುರ್ರೆಲ್, ಸ್ನೇಕ್‌ಹೆಡ್. ಹಾವಿನ ತಲೆ, ಬಾಯಿ ತುಂಬ ಹಲ್ಲು, ಮೈಯೆಲ್ಲ ಲೋಳೆ. ಕಟ್ಲಾ, ರೋಹು ಥರ ಇದು ನೀರಿನೊಳಗಿನ ಗಾಳಿಯನ್ನೇ ನಂಬಿಕೊಂಡು ಬದುಕೋ ಮೀನಲ್ಲ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಹೋಗಲೇಬೇಕು. ಅದಕ್ಕೇ ಕೆರೆ ಬತ್ತಿದ್ರೂ ಕೆಸರಲ್ಲಿ ಹೂತ್ಕೊಂಡು ಬದುಕುತ್ತೆ, ಒದ್ದೆ ಗೋಣಿಚೀಲದಲ್ಲಿ ಸುತ್ತಿ ಸಂತೆಗೆ ತಗೊಂಡ್ ಹೋದ್ರೂ ಜೀವ ಇರುತ್ತೆ. ಗಾಳ ಹಾಕೋನಿಗೆ ಇದರ ಗುಟ್ಟು ಸಿಗೋದೂ ಅಲ್ಲೇ. ಬೆಳಿಗ್ಗೆ ಆರು ಗಂಟೆಗೆ ಏರಿ ಮೇಲೆ ಸುಮ್ಮನೆ ಕೂತು ನೋಡಿ. ಜೊಂಡಿನ ಪಕ್ಕ, ತಾವರೆ ಎಲೆ ಸಂದಿಯಲ್ಲಿ 'ಗುಳುಂ' ಅಂತ ಒಂದು ಸದ್ದಾಗಿ ನೀರು ಸ್ವಲ್ಪ ಉಬ್ಬುತ್ತೆ, ಆಮೇಲೆ ಎರಡು ಮೂರು ಗುಳ್ಳೆ. ಮೀನು ಅಲ್ಲೇ ಇದೆ. ನೀವು ಅವಸರ ಮಾಡದಿದ್ರೆ ಮತ್ತೆ ಅಲ್ಲೇ ಹತ್ತಿರದಲ್ಲಿ ಬರುತ್ತೆ.

ಅಪ್ಪ ಹಿಡೀತಿದ್ದಿದ್ದು ಬಿದಿರು ಗಳದಲ್ಲಿ. ಹತ್ತು ಹನ್ನೆರಡು ಅಡಿ ಗಳ, ಅಷ್ಟೇ ಉದ್ದದ ದಾರ, ಜೋಳದ ದಂಟಿನ ಬೆಂಡು, ಒಂದು ದಪ್ಪ ಮುಳ್ಳು. ಕೊರಮೀನಿಗಾದ್ರೆ ಬೆಂಡು ಬಿಚ್ಚಿ ಇಟ್ಟುಬಿಡೋರು. ಗದ್ದೆ ಬದುವಲ್ಲಿ ಹಿಡಿದ ಸಣ್ಣ ಕಪ್ಪೆಯ ತೊಡೆ ಚರ್ಮಕ್ಕೆ ಮುಳ್ಳು ಚುಚ್ಚಿ, ಎಲೆ ಅಂಚಿನಲ್ಲಿ ನೀರಿಗೆ ತಟ್ಟಿ ತಟ್ಟಿ ಎತ್ತೋರು. ಕಪ್ಪೆ ತಾನಾಗೇ ಕುಣೀತಿದೆ ಅಂತ ಮೀನಿಗೆ ಅನ್ನಿಸಬೇಕು. ಸೊಂಟದ ತನಕ ನೀರಿಗಿಳಿದು ಹಾಕಿದ್ರೂ ಗಾಳ ಮುಟ್ಟೋ ಜಾಗ ದಡದಿಂದ ಮೂವತ್ತು ಅಡಿ ದಾಟ್ತಿರಲಿಲ್ಲ. ಈ ಮೂವತ್ತು ಅಡಿ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಐದಾರು ವರ್ಷದ ಹಿಂದೆ ಬೆಂಗಳೂರಲ್ಲಿರೋ ಅಣ್ಣನ ಮಗ ಯುಗಾದಿಗೆ ಬಂದಾಗ ಒಂದು ರಾಡು, ರೀಲು ತಂದುಕೊಟ್ಟ. 'ಚಿಕ್ಕಪ್ಪ, ಇದು ಅಮೆರಿಕದಲ್ಲಿ ಬಾಸ್ ಹಿಡಿಯೋ ಸಾಮಾನು' ಅಂದ. ಅವನ ಮೊಬೈಲಲ್ಲಿ ಅವರ ವಿಡಿಯೋ ನೋಡಿ ನನಗೆ ನಗು ಬಂತು. ಅಲ್ಲಿನ ಕೆರೆಯಲ್ಲೂ ಅದೇ ಜೊಂಡು, ಅದೇ ತಾವರೆ ಎಲೆ, ಎಲೆ ಮೇಲೆ ಕಪ್ಪೆ ಕುಣಿಸೋದೂ ಅದೇ. ಕಪ್ಪೆ ಮಾತ್ರ ರಬ್ಬರಿಂದು.

ಬಾಸ್ ಅಂದ್ರೆ ಅವರಿಗೆ ಒಂಥರಾ ಹುಚ್ಚು. ಆ ಹುಚ್ಚಿನಲ್ಲಿ ಒಬ್ಬ ನಮ್ಮವನೂ ಇದ್ದಾನೆ. 1932ರ ಜೂನ್ ತಿಂಗಳಲ್ಲಿ ಜಾರ್ಜಿಯಾ ರಾಜ್ಯದ ಜಾರ್ಜ್ ಪೆರ್ರಿ ಅನ್ನೋ ಯುವಕ, ವ್ಯವಸಾಯದ ಮನೆಯವನು, ಮಳೆ ಬಂದು ಹೊಲ ಉಳೋಕಾಗದೆ ಮೀನು ಹಿಡಿಯೋಕೆ ಹೋದ. ಸಿಕ್ಕಿದ್ದು 22 ಪೌಂಡ್ 4 ಔನ್ಸಿನ ಬಾಸ್, ಹೆಚ್ಚು ಕಮ್ಮಿ ಹತ್ತು ಕೆಜಿ. ಮನೆಗೆ ತಗೊಂಡ್ ಹೋಗಿ ಸಾರು ಮಾಡ್ಕೊಂಡು ತಿಂದ್ರಂತೆ (ಸಾರು ಅನ್ನೋದು ನನ್ನ ಸೇರ್ಪಡೆ, ತಿಂದಿದ್ದು ಮಾತ್ರ ನಿಜವಂತೆ). ಆ ದಾಖಲೆಯನ್ನ ಸರಿಗಟ್ಟೋಕೆ 2009 ಆಗಬೇಕಾಯ್ತು. ಆಗ ಜಪಾನಿನ ಬಿವಾ ಕೆರೆಯಲ್ಲಿ ಮನಾಬು ಕುರಿತಾ ಅನ್ನೋರಿಗೆ ಅಷ್ಟೇ ತೂಕದ್ದು ಬಿತ್ತು. ಕೆಸರಿನ ದಿನ ಗಾಳ ಹಿಡಿದು ಹೊರಟಾಗ ಮನೆಯಲ್ಲಿ ಯಾರಾದ್ರೂ ಬೈದ್ರೆ ನಾನು ಪೆರ್ರಿ ಕಥೆ ಹೇಳ್ತೀನಿ. ನನ್ನ ಹೆಂಡತಿ ಏನೂ ಒಪ್ಪಿಲ್ಲ. ಕಪ್ಪೆಗೆ ಕೊಟ್ಟ 350 ರೂಪಾಯಿಗೆ ಪೇಟೆಯಲ್ಲಿ ಎರಡು ಕೆಜಿ ಕಟ್ಲಾ ಬರ್ತಿತ್ತು ಅಂತ ಈಗ್ಲೂ ಲೆಕ್ಕ ಹೇಳ್ತಾಳೆ.

ಈಗ ಸಾಮಾನಿನ ವಿಷಯ, ಕೆಲವರು ಕೇಳಿದ್ರಿ ಅಂತ. ರಾಡು ಏಳು ಅಡಿದು ಇರಲಿ, ಬಳುಕೋ ಅಂಥದ್ದು ಬೇಡ. ಕೊರಮೀನು ಕಚ್ಚಿದ ತಕ್ಷಣ ತಾವರೆ ದಂಟಿಗೆ ಸುತ್ಕೊಳ್ಳುತ್ತೆ, ಮೆದು ರಾಡಲ್ಲಿ ಎಳೆಯೋಕೆ ಆಗಲ್ಲ. ದಾರ ಹೆಣೆದಿದ್ದು, ಬ್ರೇಡ್ ಅಂತಾರಲ್ಲ ಅದು, 40 ಪೌಂಡಿಂದು ಸಾಕು. ಸಾದಾ ನೈಲಾನ್ ದಾರ ಹಿಗ್ಗುತ್ತೆ, ಮುಳ್ಳು ನಾಟಲ್ಲ. ಕಪ್ಪೆ ಒಳಗೆ ಟೊಳ್ಳಿರಬೇಕು. ಅದರ ಎರಡು ಮುಳ್ಳೂ ಬೆನ್ನಿಗೆ ಅಂಟ್ಕೊಂಡಿರುತ್ತೆ, ಹಾಗಾಗಿ ಜೊಂಡಿಗೆ ಸಿಕ್ಕಲ್ಲ. ಮೀನು ಅಮುಕಿದಾಗ ಮಾತ್ರ ಮುಳ್ಳು ಹೊರಗೆ ಬರುತ್ತೆ. ಒಳಗೆ ನೀರು ಸೇರ್ಕೊಂಡ್ರೆ ಮುಳುಗುತ್ತೆ, ನಾಲ್ಕೈದು ಸಲ ಎಸೆದ ಮೇಲೆ ಒಂದು ಸಲ ಹಿಂಡಿ.

ಮೀನು ಕಾಣಿಸಿದ ಜಾಗಕ್ಕೇ ಎಸೀಬಾರದು. ಅದಕ್ಕಿಂತ ಎರಡು ಮಾರು ಆಚೆ ಎಸೆದು, ಎಲೆ ಮೇಲೆ ಹತ್ತಿಸಿ ಇಳಿಸಿ, ಸಂದಿ ಬಂದ ಕಡೆ ನಿಲ್ಲಿಸಬೇಕು. ನಿಲ್ಲಿಸೋದೇ ಕಷ್ಟ, ಕೈ ಕೇಳಲ್ಲ. ಆಮೇಲೆ 'ಢಬ್' ಅಂತ ಹೊಡೆಯುತ್ತೆ ನೋಡಿ, ಎಮ್ಮೆ ನೀರಿಗೆ ಬಿದ್ದಂಗೆ. ನನ್ನ ಮೊದಲ ಹದಿನೈದು ಇಪ್ಪತ್ತು ಮೀನು ಹೋಗಿದ್ದು ಆ ಸದ್ದಿಗೇ. ಸದ್ದು ಕೇಳಿದ ತಕ್ಷಣ ರಾಡು ಎತ್ತಿಬಿಡ್ತಿದ್ದೆ, ಕಪ್ಪೆ ನನ್ನ ಮುಖಕ್ಕೇ ವಾಪಸ್ ಬರ್ತಿತ್ತು. ಹಾಗೆ ಮಾಡಬಾರದು. ರಾಡಿನ ತುದಿ ಕೆಳಗೆ ಮಾಡಿ, ಒಂದು, ಎರಡು ಅಂತ ಎಣಿಸಿ, ಸಡಿಲ ಇದ್ದ ದಾರ ಸುತ್ಕೊಂಡು, ಮೀನಿನ ಭಾರ ಕೈಗೆ ತಾಗಿದ ಮೇಲೆ ಎಳೀಬೇಕು. ಈ 'ಒಂದು, ಎರಡು' ಕಲಿಯೋಕೆ ನನಗೆ ಒಂದು ಮಳೆಗಾಲ ಪೂರ್ತಿ ಬೇಕಾಯ್ತು. ತಪ್ಪಿದ್ರೂ ಬೇಜಾರಿಲ್ಲ, ಐದು ನಿಮಿಷ ಬಿಟ್ಟು ಅಲ್ಲೇ ಎಸೀರಿ. ಸಿಟ್ಟಿನ ಮೀನು ಅದು, ಎಷ್ಟೋ ಸಲ ಮತ್ತೆ ಹೊಡೆಯುತ್ತೆ.

ಎರಡು ವರ್ಷದ ಹಿಂದಿನ ಸಂಗತಿಗೆ ಬರ್ತೀನಿ.

ಆರಿದ್ರಾ ಮಳೆ ಟೈಮು. ತೂಬಿನಿಂದ ದೂರ, ಕೆರೆ ನಡುವಿನ ತಾವರೆ ತೆಂಡೆಯ ಹತ್ತಿರ ನೀರಿನ ಮೇಲೆ ಕೆಂಪಗೆ ಒಂದು ಮಂಕರಿ ಅಗಲದ್ದು ಕಾಣ್ತು. ನೋಡ್ತಿದ್ದಂಗೆ ಅದು ಅನ್ನದ ಎಸರು ಕುದ್ದಂಗೆ ಕುದಿಯೋದು, ಮುಳುಗೋದು, ಇನ್ನೊಂದು ಕಡೆ ಏಳೋದು. ನೀವೂ ನೋಡಿರ್ತೀರಿ. ಕೊರಮೀನಿನ ಮರಿ, ನೂರಾರು. ಸಣ್ಣವಿದ್ದಾಗ ಕೇಸರಿ ಕೆಂಪು ಬಣ್ಣ ಇರುತ್ತೆ, ಅವೂ ಗಾಳಿ ಕುಡಿಯೋಕೆ ಒಟ್ಟಿಗೆ ಏಳ್ತವೆ. ಕೆಳಗೆ ಅಪ್ಪ ಅಮ್ಮ ಕಾವಲು ಇರ್ತವೆ. ಆ ದಿನಗಳಲ್ಲಿ ಅವಕ್ಕೆ ಹಸಿವಾಗಬೇಕಂತಿಲ್ಲ, ಮರಿ ಹತ್ತಿರ ಏನು ಬಂದ್ರೂ ಹೊಡೀತವೆ. ಮರಿ ಕಂಡ್ರೆ ದೊಡ್ಡದು ಸಿಕ್ಕಂಗೇ ಅಂತ ಅಪ್ಪಾನೇ ಹೇಳ್ತಿದ್ರು. ನಾನೂ ಅದನ್ನೇ ಮಾಡ್ದೆ. ಮೂರನೇ ಎಸೆತಕ್ಕೆ ಬಿತ್ತು, ಎರಡೂಮುಕ್ಕಾಲು ಕೆಜಿ. ಫೋಟೋ ಇದೇ ಪುಟದಲ್ಲಿ ಹಾಕಿದ್ದೆ, ನಿಮ್ಮಲ್ಲಿ ತುಂಬಾ ಜನ ಶಭಾಷ್ ಅಂದ್ರಿ. ಮಾರನೇ ದಿನ ಇನ್ನೊಂದಕ್ಕೆ ಹೋದೆ. ಅದೂ ಬಿತ್ತು, ಸ್ವಲ್ಪ ಸಣ್ಣದು.

ಅವತ್ತು ಮೀನನ್ನ ಚೀಲಕ್ಕೆ ಹಾಕ್ಕೊಂಡು ಬೀಡಿ ಹಚ್ಚಿ ಕೂತಿದ್ದೆ, ಹೋಗಿದ್ರೆ ನೋಡ್ತಿರಲಿಲ್ಲ. ಮರಿಗಳು ಎದ್ದವು. ಅಷ್ಟರಲ್ಲಿ ಸುತ್ತ ನೀರು ಪಟಪಟ ಅನ್ನೋಕೆ ಶುರುವಾಯ್ತು, ಜಿಲೇಬಿ ಮೀನುಗಳು ಬಂದಿದ್ವು. ಒಂದು ನೀರುಕಾಗೆ ಬಂತು, ಹಿಂದೇನೇ ಇನ್ನೆರಡು. ಹಿಂಡು ಎರಡಾಗಿ ಒಡೀತು, ಆಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕೆ. ಬೀಡಿ ಮುಗಿಯೋದ್ರೊಳಗೆ ಅಲ್ಲಿ ಕೆಂಪು ಕಾಣ್ಲಿಲ್ಲ. ಮೂರು ದಿನ ಬೆಳಿಗ್ಗೆ ಸಂಜೆ ಹೋಗಿ ನೋಡ್ದೆ. ಇರಲಿಲ್ಲ.

ಬಾಸ್ ಮೀನಿಂದೂ ಇದೇ ಕಥೆಯಂತೆ. ಅಲ್ಲಿ ಗಂಡು ಗೂಡು ಕಾಯುತ್ತೆ. ಅದನ್ನ ಎತ್ತಿದ್ರೆ ಬ್ಲೂಗಿಲ್ ಅನ್ನೋ ಸಣ್ಣ ಮೀನುಗಳು ನಿಮಿಷಗಳಲ್ಲಿ ಗೂಡಿಗೆ ನುಗ್ತವೆ. ಗೂಡಿನ ಮೇಲಿರೋ ಮೀನಿಗೆ ಗಾಳ ಹಾಕೋದು ಸರಿಯಾ ಅಂತ ಅವರಲ್ಲೂ ಜಗಳ ಇದೆ, ಕೆಲವು ಕಡೆ ಆ ಕಾಲಕ್ಕೆ ನಿರ್ಬಂಧನೂ ಇದೆ.

ಹಾಗಾದ್ರೆ ಅಪ್ಪ ಮಾಡಿದ್ದು ತಪ್ಪಾ? ಇದನ್ನ ತುಂಬಾ ದಿನ ಯೋಚಿಸ್ದೆ. ಅಪ್ಪನೂ ಮರಿ ನೋಡೇ ಗಾಳ ಹಾಕಿದ್ರು, ಆದ್ರೂ ಕೆರೆಯಲ್ಲಿ ಕೊರಮೀನು ಇತ್ತು. ಆ ಮೂವತ್ತು ಅಡಿ ಹೇಳಿದ್ನಲ್ಲ, ಅಲ್ಲಿಂದಾಚೆ ಕೆರೆಯೆಲ್ಲ ಅವುಗಳದ್ದೇ ಆಗಿತ್ತು. ದಡದ ಹತ್ತಿರ ಮರಿ ಮಾಡಿದ ಒಂದೋ ಎರಡೋ ಜೋಡಿ ಸಿಕ್ತಿದ್ವು, ನಡುವಿನವು ಉಳೀತಿದ್ವು. ಈಗ ನನ್ನ ರಬ್ಬರ್ ಕಪ್ಪೆ ಎಂಬತ್ತು ತೊಂಬತ್ತು ಅಡಿ ಹೋಗುತ್ತೆ. ನಮ್ಮ ಕೆರೆಗೆ ಈ ದಡದಿಂದ ಅಷ್ಟು, ಆ ದಡದಿಂದ ಅಷ್ಟು ಅಂದ್ರೆ ತಾವರೆ ಬೆಳೆಯೋ ಜಾಗ ಒಂದೂ ಬಾಕಿ ಉಳಿಯಲ್ಲ. ಅಪ್ಪನಿಗೆ ಆಸೆ ಕಮ್ಮಿ ಇತ್ತು ಅಂತಲ್ಲ, ಗಳ ಗಿಡ್ಡ ಇತ್ತು.

ಕೆರೆ ಹರಾಜು ಹಿಡಿದವರಿಗೆ ಇದನ್ನ ಹೇಳಿದ್ರೆ ನಗ್ತಾರೆ. ಅವರು ಬಿಟ್ಟ ಕಟ್ಲಾ, ಗೆಂಡೆ ಮರಿಗಳನ್ನ ತಿನ್ನೋದೇ ಕೊರಮೀನು, ಅವರ ಮಟ್ಟಿಗೆ ಅದು ಕಳ್ಳ. ಅವರ ಮಾತಲ್ಲೂ ನ್ಯಾಯ ಇದೆ, ದುಡ್ಡು ಕಟ್ಟಿರೋರು ಅವರು. ಆದ್ರೆ ಬಿಟ್ಟ ಮೀನು ಬಲೆಗೆ ಹೋಗುತ್ತೆ, ಮತ್ತೆ ತಂದು ಬಿಡ್ತಾರೆ. ಕೊರಮೀನನ್ನ ನಮ್ಮ ಕೆರೆಗೆ ಯಾರೂ ತಂದು ಬಿಟ್ಟಿದ್ದಲ್ಲ.

ಈಗ ನಾನು ಮಾಡ್ತಿರೋದು ಇಷ್ಟು. ಕೆಂಪು ಕಂಡ ಕಡೆ ಎಸೆಯಲ್ಲ. ಮುಳ್ಳಿನ ಮಡಚು ಬಾಯಿಯನ್ನ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದ್ದೀನಿ, ಬಿಡೋದಾದ್ರೆ ಬಾಯಿ ಹರಿಯದೆ ಬಿಡಬಹುದು. ಮರಿ ಇಲ್ಲದ ಕಡೆ ಬಿದ್ದಿದ್ದನ್ನ ತಿಂತೀನಿ, ಅದರಲ್ಲಿ ಮುಚ್ಚುಮರೆ ಇಲ್ಲ. ಕಳೆದ ವರ್ಷ ಪೇಟೆಯಿಂದ ಬೈಕಲ್ಲಿ ಬಂದಿದ್ದ ಮೂರು ಹುಡುಗರು ಮರಿ ಹಿಂಡಿಗೇ ಎಸೀತಿದ್ರು. ಬೇಡ ಕಣ್ರಪ್ಪ ಅಂದೆ. ಒಬ್ಬ ಮೊಬೈಲ್ ತೆಗೆದು ನನ್ನದೇ ಹಳೇ ಫೋಟೋ ತೋರಿಸಿ, 'ಅಣ್ಣ, ಇದು ನೀವೇ ಅಲ್ವಾ?' ಅಂದ. ಹೌದು ಕಣಪ್ಪ ಅಂದೆ. ಆಮೇಲೆ ಕೂರಿಸಿಕೊಂಡು ಮೇಲೆ ಬರೆದಿದ್ದನ್ನೆಲ್ಲ ಹೇಳ್ದೆ. ಇಬ್ಬರು ರಾಡು ಮಡಚಿದ್ರು, ಮೂರನೆಯವನು ಇನ್ನೆರಡು ಸಲ ಎಸೆದ. ಆ ಫೋಟೋ ಅಳಿಸಿಲ್ಲ, ಇರಲಿ.

ಮೊನ್ನೆಯಿಂದ ತೂಬಿನ ಎಡಕ್ಕೆ, ಮುರಿದ ಹೊಂಗೆ ಕೊಂಬೆ ನೀರಿಗೆ ಬಿದ್ದಿದೆಯಲ್ಲ, ಅದರ ಆಚೆ ಒಂದು ಹಿಂಡು ಎದ್ದಿದೆ. ಇನ್ನೂ ಕೆಂಪಗಿದೆ, ಒಂದು ತಿಂಗಳಾದ್ರೂ ಕಾವಲು ಬೇಕು. ಈ ವಾರ ಗಾಳ ತರೋರು ಕೋಡಿ ಕಡೆ ಹೋಗಿ. ಅಲ್ಲಿ ಜಿಲೇಬಿ ದಂಡಿಯಾಗಿದೆ, ಎರೆಹುಳು ಸಾಕು. ಎರೆಹುಳು ಬೇಕಾದ್ರೆ ನಮ್ಮ ತಿಪ್ಪೆ ಪಕ್ಕ ಅಗೆದುಕೊಳ್ಳಿ, ನಾಯಿ ಕಟ್ಟಿಹಾಕಿರ್ತೀನಿ.