ಹತ್ತಕ್ಕೆ ಎಂಟು

ಫುಟ್‌ಬಾಲ್ ನೋಡುವಾಗ ನಾವೆಲ್ಲ ಚೆಂಡನ್ನೇ ನೋಡುತ್ತೇವೆ. ಕ್ಯಾಮೆರಾ ಮಾಡುವುದೂ ಅದನ್ನೇ. ಹೋದ ಮಳೆಗಾಲದ ಒಂದು ರಾತ್ರಿ ನಾನು ಬೇರೆ ಥರ ನೋಡಲು ಪ್ರಯತ್ನಪಟ್ಟೆ. ಹಾಸ್ಟೆಲಿನ ಕೋಣೆಯಲ್ಲಿ ಕೂತು, 1999ರ ಮೇ 26ರಂದು ಬಾರ್ಸಿಲೋನಾದಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್ ಪಂದ್ಯವನ್ನು ಲ್ಯಾಪ್‌ಟಾಪಿನಲ್ಲಿ ಮೊದಲಿನಿಂದ ಹಾಕಿಕೊಂಡೆ. ನನಗೆ ನಾನೇ ಹಾಕಿಕೊಂಡ ನಿಯಮ ಒಂದೇ. ಚೆಂಡು ಎಲ್ಲಿಗಾದರೂ ಹೋಗಲಿ, ನನ್ನ ಕಣ್ಣು ಮ್ಯಾಂಚೆಸ್ಟರ್ ಯುನೈಟೆಡ್‌ನ 3ನೇ ನಂಬರಿನ ಅಂಗಿಯ ಮೇಲಿರಬೇಕು. ಡೆನಿಸ್ ಇರ್ವಿನ್. ಐರ್ಲೆಂಡಿನ ಕಾರ್ಕ್ ನಗರದವನು, ಲೆಫ್ಟ್ ಬ್ಯಾಕ್. ಆಗ ಅವನಿಗೆ 33 ವರ್ಷ.

ಪ್ರಯತ್ನ ಅರ್ಧಕ್ಕರ್ಧ ಸೋತಿತು. ಆಟದ ಎಷ್ಟೋ ಹೊತ್ತು ಅವನು ಪರದೆಯ ಮೇಲೆ ಇರಲೇ ಇಲ್ಲ. ಚೆಂಡು ಬಲಗಡೆ ಇದ್ದರೆ ಎಡಗಡೆಯವನು ಚೌಕಟ್ಟಿನ ಹೊರಗೆ. ಕಾಣಿಸಿಕೊಂಡಾಗಲೂ ಅವನು ಮಾಡಿದ್ದು ಹೇಳಿಕೊಳ್ಳುವಂಥದ್ದಲ್ಲ. ಎರಡು ಹೆಜ್ಜೆ ಒಳಗೆ ಸರಿದ. ಎದುರಾಳಿಯನ್ನು ಗೆರೆಯ ಕಡೆಗೆ ಒತ್ತಿದ. ಹತ್ತಿರ ನಿಂತವನಿಗೆ ಚೆಂಡು ಕೊಟ್ಟ. ಮತ್ತೆ ತನ್ನ ಜಾಗಕ್ಕೆ ಹೋಗಿ ನಿಂತ.

ಈ ಹೆಸರನ್ನು ನನಗೆ ಹೇಳಿಕೊಟ್ಟವನು ಅಣ್ಣ. ನನಗಿಂತ ಹತ್ತು ವರ್ಷ ದೊಡ್ಡವನು. ನಾನು ಪ್ರೈಮರಿ ಶಾಲೆಗೆ ಹೋಗುತ್ತಿದ್ದಾಗ ಅವನು ಕಾಲೇಜು ಟೀಮಿನಲ್ಲಿ ಲೆಫ್ಟ್ ಬ್ಯಾಕ್ ಆಡುತ್ತಿದ್ದ. ಊರಿನ ಹುಡುಗರೆಲ್ಲ ಬೆಕಮ್, ಗಿಗ್ಸ್ ಅನ್ನುವಾಗ ಅಣ್ಣ ಇರ್ವಿನ್ ಅನ್ನುತ್ತಿದ್ದ. ಯಾಕೆ ಅಂದರೆ, "ಅವ ಇದ್ದದ್ದಕ್ಕೇ ಗಿಗ್ಸ್ ಓಡ್ತಿದ್ದ" ಅನ್ನುತ್ತಿದ್ದ. ನನಗೆ ಆಗ ಅದು ಅರ್ಥವಾಗಿರಲಿಲ್ಲ. ಅರ್ಥವಾಗಲು ಇಪ್ಪತ್ತು ವರ್ಷ ಹಿಡಿಯಿತು.

ಇರ್ವಿನ್ ಹುಟ್ಟಿದ್ದು 1965ರ ಅಕ್ಟೋಬರ್ 31ರಂದು. ಕಾರ್ಕ್ ಐರ್ಲೆಂಡಿನ ದಕ್ಷಿಣ ಕರಾವಳಿಯ ಬಂದರು ನಗರ. ಅವನ ಹದಿಹರೆಯದ ಕಾಲಕ್ಕೆ ಆ ನಗರದ ಬದುಕು ಕುಸಿಯುತ್ತಿತ್ತು. 1983ರಲ್ಲಿ ಡನ್‌ಲಪ್ ಟೈರ್ ಕಾರ್ಖಾನೆ ಮುಚ್ಚಿತು. 1984ರಲ್ಲಿ ಫೋರ್ಡ್ ಕಾರಿನ ಕಾರ್ಖಾನೆ, ಅದೇ ವರ್ಷ ವೆರೋಲ್ಮ್ ಹಡಗು ಕಟ್ಟುವ ಕಟ್ಟೆ. ಮೂರು ದೊಡ್ಡ ಬಾಗಿಲುಗಳು ಎರಡು ವರ್ಷದೊಳಗೆ ಬಂದ್ ಆದವು. ಕೆಲಸಕ್ಕಾಗಿ ಸಮುದ್ರ ದಾಟಿ ಇಂಗ್ಲೆಂಡಿಗೆ ಹೋಗುವುದು ಐರಿಷ್ ಮನೆಗಳಿಗೆ ತಲೆಮಾರುಗಳ ರೂಢಿ. ಫುಟ್‌ಬಾಲ್ ಆಡುವ ಹುಡುಗರ ದಾರಿಯೂ ಅದೇ. ಹದಿನೈದು ಹದಿನಾರನೇ ವಯಸ್ಸಿಗೆ ಮನೆ ಬಿಟ್ಟು, ಇಂಗ್ಲೆಂಡಿನ ಯಾವುದೋ ಊರಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದು, ಕ್ಲಬ್ಬಿನಲ್ಲಿ ತರಬೇತಿಗೆ ಸೇರುತ್ತಿದ್ದರು. ಬಹಳ ಹುಡುಗರು ಮನೆಯ ನೆನಪು ತಾಳಲಾರದೆಯೋ, ಕ್ಲಬ್ಬಿಗೆ ಬೇಡವಾಗಿಯೋ ವಾಪಸು ಬಂದರು. ಬ್ರಿಟನ್ ಯುರೋಪ್ ಒಕ್ಕೂಟದಿಂದ ಹೊರಬಂದ ಮೇಲೆ, 2021ರಿಂದ, ಹದಿನೆಂಟು ತುಂಬದ ಐರಿಷ್ ಹುಡುಗರು ಹೀಗೆ ಹೋಗುವಂತಿಲ್ಲ. ಇರ್ವಿನ್ ಕಾಲದಲ್ಲಿ ಆ ದಾರಿ ತೆರೆದಿತ್ತು. ಅವನು ಲೀಡ್ಸ್ ಯುನೈಟೆಡ್ ಸೇರಿದ.

ಲೀಡ್ಸ್ ಅವನನ್ನು 1986ರಲ್ಲಿ ಬಿಟ್ಟುಬಿಟ್ಟಿತು. ಆಗ ಅಲ್ಲಿನ ಮ್ಯಾನೇಜರ್ ಬಿಲ್ಲಿ ಬ್ರೆಮ್ನರ್, ಸ್ವತಃ ಆ ಕ್ಲಬ್ಬಿನ ದಂತಕತೆ. ಬಿಟ್ಟ ರೀತಿಗೆ 'ಫ್ರೀ ಟ್ರಾನ್ಸ್‌ಫರ್' ಎಂಬ ಹೆಸರಿದೆ. ಅಂದರೆ ಇವನನ್ನು ಯಾರು ಬೇಕಾದರೂ ಕರೆದುಕೊಂಡು ಹೋಗಲಿ, ನಮಗೆ ಒಂದು ಕಾಸೂ ಕೊಡಬೇಕಾಗಿಲ್ಲ ಎಂದರ್ಥ. ಇಪ್ಪತ್ತು ವರ್ಷದ ಹುಡುಗನ ಬೆಲೆ ಸೊನ್ನೆ ಎಂದು ಕಾಗದದಲ್ಲೇ ಬರೆದುಕೊಟ್ಟ ಹಾಗೆ. ಅವನು ಓಲ್ಡಮ್ ಅಥ್ಲೆಟಿಕ್ ಎಂಬ ಸಣ್ಣ ಕ್ಲಬ್ಬಿಗೆ ಹೋದ. ಎರಡನೇ ದರ್ಜೆಯ ಲೀಗಿನ ತಂಡ, ಹುಲ್ಲಿನ ಬದಲು ಪ್ಲಾಸ್ಟಿಕ್ ಹಾಸಿದ ಮೈದಾನ. ನಾಲ್ಕು ವರ್ಷ ಅಲ್ಲಿ ಆಡಿದ. 1990ರಲ್ಲಿ ಜೋ ರಾಯ್ಲ್ ಅವರ ಆ ತಂಡ ಲೀಗ್ ಕಪ್ ಫೈನಲ್ ತಲುಪಿತು. ಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ 3–3 ಸಮ ಮಾಡಿಕೊಂಡು, ಮರುಪಂದ್ಯದಲ್ಲಿ 2–1ರಿಂದ ಸೋತಿತು. ಆ ಬೇಸಿಗೆಯಲ್ಲೇ ಯುನೈಟೆಡ್ ಅವನನ್ನು 6,25,000 ಪೌಂಡ್ ಕೊಟ್ಟು ಕೊಂಡಿತು.

ಅಲ್ಲಿಂದ ಹನ್ನೆರಡು ವರ್ಷ, 529 ಪಂದ್ಯ. ಏಳು ಸಲ ಪ್ರೀಮಿಯರ್ ಲೀಗ್ ಗೆದ್ದ ತಂಡದಲ್ಲಿದ್ದ. ಐರ್ಲೆಂಡ್ ಪರವಾಗಿ 56 ಪಂದ್ಯ. ಈ ಅಂಕಿಗಳನ್ನು ಓದಿದವರಿಗೆ ದೊಡ್ಡ ತಾರೆಯೊಬ್ಬನ ಚಿತ್ರ ಬರಬಹುದು. ಆದರೆ ಅವನು ತಾರೆಯಾಗಿರಲಿಲ್ಲ. ಅದೇ ಕಾರ್ಕ್ ನಗರದ ಇನ್ನೊಬ್ಬ ಹುಡುಗ ರಾಯ್ ಕೀನ್ ಅದೇ ತಂಡದ ನಾಯಕನಾಗಿದ್ದ. ಕೀನ್ ಬಗ್ಗೆ ಪುಸ್ತಕಗಳಿವೆ, ಜಗಳಗಳಿವೆ, ಇವತ್ತಿಗೂ ಮುಗಿಯದ ವಾದಗಳಿವೆ. ಇರ್ವಿನ್ ಬಗ್ಗೆ ಜನ ಹೇಳುವುದು ಒಂದೇ ಮಾತು: ಒಳ್ಳೆಯ ಆಟಗಾರ, ನಂಬಬಹುದಾದವನು.

ಮೊದಲ ವರ್ಷ ಅವನು ಬಲಗಡೆ ಆಡಿದ. 1991ರಲ್ಲಿ ಆ ಜಾಗಕ್ಕೆ ಪಾಲ್ ಪಾರ್ಕರ್ ಬಂದ. ಇರ್ವಿನ್ ಎಡಗಡೆಗೆ ಹೋದ. ಅವನದ್ದು ಮೂಲತಃ ಬಲಗಾಲಿನ ಆಟ. ಗೆರೆಯ ಪಕ್ಕದಲ್ಲಿ ಓಡುವಾಗ ಚೆಂಡು ತಪ್ಪು ಕಾಲಿಗೆ ಬರುತ್ತದೆ, ಮೈ ತಿರುಗುವ ದಿಕ್ಕೇ ಬೇರೆಯಾಗುತ್ತದೆ. ಅವನು ಎರಡೂ ಕಾಲಲ್ಲಿ ಆಡುವುದನ್ನು ಎಷ್ಟು ಚೆನ್ನಾಗಿ ರೂಢಿಸಿಕೊಂಡನೆಂದರೆ, ಎಡಗಡೆ ಅವನದ್ದಲ್ಲ ಎಂಬುದೇ ಜನರಿಗೆ ಮರೆತುಹೋಯಿತು. ಅವನ ಮುಂದೆ ರಯಾನ್ ಗಿಗ್ಸ್ ಇದ್ದ. ಗಿಗ್ಸ್ ಚೆಂಡು ಹಿಡಿದು ಓಡಿದರೆ ಇಡೀ ಮೈದಾನ ಎದ್ದು ನಿಲ್ಲುತ್ತಿತ್ತು. ಆದರೆ ಓಡಿದವನು ತನ್ನ ಹಿಂದೆ ಒಂದು ಖಾಲಿ ಜಾಗ ಬಿಟ್ಟು ಓಡುತ್ತಾನೆ. ಚೆಂಡು ತಪ್ಪಿದರೆ ಎದುರಾಳಿ ನುಗ್ಗುವುದು ಅಲ್ಲಿಂದಲೇ. ಆ ಜಾಗ ಕಾಯುವವನೊಬ್ಬ ಬೇಕು. ಯಾವಾಗ ತಾನೂ ಜೊತೆಗೆ ಓಡಬೇಕು, ಯಾವಾಗ ಓಡಬಾರದು ಎಂಬ ಲೆಕ್ಕ ಅವನಿಗೆ ಗೊತ್ತಿರಬೇಕು.

ಮ್ಯಾನೇಜರ್ ಅಲೆಕ್ಸ್ ಫರ್ಗ್ಯುಸನ್ ಅವನನ್ನು ಹತ್ತಕ್ಕೆ ಎಂಟು ಡೆನಿಸ್ ಎಂದು ಕರೆಯುತ್ತಿದ್ದರಂತೆ. ಯಾವ ಪಂದ್ಯವೇ ಇರಲಿ, ಎಂಟು ಅಂಕದ ಆಟ ಖಾತ್ರಿ ಎಂಬ ಅರ್ಥದಲ್ಲಿ. ತಾನು ನೋಡಿಕೊಂಡ ಎಲ್ಲ ಆಟಗಾರರಲ್ಲಿ ಹನ್ನೊಂದು ಜನರನ್ನು ಆರಿಸುವುದಾದರೆ ಖಚಿತವಾಗಿ ಜಾಗ ಸಿಗುವವನು ಇರ್ವಿನ್ ಎಂದೂ ಅವರು ಹೇಳಿದ್ದಿದೆ. ಕ್ಯಾಂಟೊನಾ, ರೊನಾಲ್ಡೊ ಅವರನ್ನೆಲ್ಲ ಆಡಿಸಿದ ಮನುಷ್ಯನ ಮಾತು ಇದು.

ನಾನು ಪಿಎಚ್‌ಡಿಗಾಗಿ ಹಳೆಯ ಪತ್ರಿಕೆಗಳನ್ನು ಓದುವವನು. ಕಾಗದದ ಮೇಲೆ ಏನು ಉಳಿಯುತ್ತದೆ, ಏನು ಉಳಿಯುವುದಿಲ್ಲ ಎಂಬುದು ನನ್ನ ದಿನನಿತ್ಯದ ತಲೆನೋವು. ಇರ್ವಿನ್ ಆಡಿದ ಪಂದ್ಯಗಳ ವರದಿಗಳನ್ನು ಸಿಕ್ಕಷ್ಟು ಹುಡುಕಿ ಓದಿದಾಗ ಒಂದು ವಿಷಯ ಹೊಳೆಯಿತು. ರಕ್ಷಣೆಯವನ ಹೆಸರು ವರದಿಯಲ್ಲಿ ಬರುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಒಂದೋ ಅವನು ಗೋಲು ಹೊಡೆದಿರಬೇಕು, ಇಲ್ಲವೇ ತಪ್ಪು ಮಾಡಿರಬೇಕು. ತನ್ನ ಕೆಲಸವನ್ನು ಸರಿಯಾಗಿ ಮಾಡಿದ ದಿನ ಅವನ ಹೆಸರು ಹನ್ನೊಂದು ಜನರ ಪಟ್ಟಿಯಲ್ಲಿ ಮಾತ್ರ. 1994ರ ಜನವರಿ 4ರಂದು ಲಿವರ್‌ಪೂಲ್ ಎದುರು ಅವನು ಫ್ರೀ ಕಿಕ್‌ನಲ್ಲಿ ಹೊಡೆದ ಗೋಲು ದಾಖಲೆಯಲ್ಲಿದೆ. ಅವನಿದ್ದ ಕಾರಣಕ್ಕೆ ಆಗದೇ ಹೋದ ಗೋಲುಗಳನ್ನು ಎಲ್ಲಿ ಬರೆದಿಡುತ್ತಾರೆ?

ಅವನೇನೂ ತಪ್ಪೇ ಮಾಡದ ದೇವರಲ್ಲ. 1994ರ ವಿಶ್ವಕಪ್‌ನಲ್ಲಿ ಐರ್ಲೆಂಡ್ ಮೊದಲ ಪಂದ್ಯದಲ್ಲೇ ಇಟಲಿಯನ್ನು 1–0ರಿಂದ ಸೋಲಿಸಿತು. ಮುಂದಿನ ಪಂದ್ಯ ಆರ್ಲಾಂಡೋದ ಸುಡುಬಿಸಿಲಿನಲ್ಲಿ ಮೆಕ್ಸಿಕೊ ವಿರುದ್ಧ. ಅಲ್ಲಿ ಸಿಕ್ಕ ಹಳದಿ ಕಾರ್ಡು ಅವನಿಗೆ ಎರಡನೆಯದು. ನಾರ್ವೆ ಎದುರಿನ ಪಂದ್ಯಕ್ಕೆ ನಿಷೇಧ ಬಿತ್ತು. ಆ ಜಾಗದಲ್ಲಿ ಆಡಿದ ಹುಡುಗ ಗ್ಯಾರಿ ಕೆಲ್ಲಿ ಅದನ್ನು ಬಿಟ್ಟುಕೊಡಲಿಲ್ಲ. ಇರ್ವಿನ್‌ನ ವಿಶ್ವಕಪ್ ಅಲ್ಲಿಗೆ ಮುಗಿಯಿತು.

ಐದು ವರ್ಷದ ನಂತರ, 1999ರ ಮೇ 5ರಂದು ಮತ್ತೆ ಲಿವರ್‌ಪೂಲ್. ಪೆನಾಲ್ಟಿಯಲ್ಲಿ ಅವನೇ ಎರಡನೇ ಗೋಲು ಹೊಡೆದು ತಂಡವನ್ನು 2–0 ಮುಂದಿಟ್ಟಿದ್ದ. ಆಮೇಲೆ ಗೆರೆ ದಾಟಿದ ಚೆಂಡನ್ನು ಒದ್ದ. ಆಟ ನಿಲ್ಲಿಸಿದ ಮೇಲೆ ಒದ್ದದ್ದೆಂದು ರೆಫರಿ ಡೇವಿಡ್ ಎಲರೆ ಎರಡನೇ ಹಳದಿ ಕಾರ್ಡ್ ತೋರಿಸಿದರು. ಹೊರಗೆ. ಪಂದ್ಯ 2–2 ಸಮವಾಯಿತು. ಅದರಿಂದಾಗಿ ಅವನಿಗೆ ಎಫ್‌ಎ ಕಪ್ ಫೈನಲ್ ತಪ್ಪಿತು. ಆ ವರ್ಷ ಯುನೈಟೆಡ್ ಲೀಗ್, ಎಫ್‌ಎ ಕಪ್, ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದಿತು. ಮೂರರಲ್ಲಿ ನಡುವಿನ ಫೈನಲ್ಲನ್ನು ಹೀಗೆ, ಒಂದು ಒದೆತಕ್ಕೆ, ಅವನು ಕಳೆದುಕೊಂಡ. ಅವನ ಬಗ್ಗೆ ಹುಡುಕಿದರೆ ಸಿಗುವ ಎದ್ದುಕಾಣುವ ಘಟನೆಗಳಲ್ಲಿ ಇದೂ ಒಂದು ಎಂಬುದು ನನಗೆ ಬೇಸರದ ಸಂಗತಿ.

ಎಫ್‌ಎ ಕಪ್ ಫೈನಲ್ ನಡೆದ ನಾಲ್ಕನೇ ದಿನಕ್ಕೆ ಬಾರ್ಸಿಲೋನಾ. ಆರನೇ ನಿಮಿಷದಲ್ಲೇ ಬಾಯರ್ನ್ ಮ್ಯೂನಿಕ್‌ನ ಬಾಸ್ಲರ್ ಫ್ರೀ ಕಿಕ್‌ನಲ್ಲಿ ಗೋಲು ಹೊಡೆದ. ಕೀನ್, ಸ್ಕೋಲ್ಸ್ ಇಬ್ಬರೂ ನಿಷೇಧದಿಂದ ಹೊರಗಿದ್ದರು. ದ್ವಿತೀಯಾರ್ಧದಲ್ಲಿ ಬಾಯರ್ನ್‌ನ ಒಂದು ಹೊಡೆತ ಗೋಲುಕಂಬಕ್ಕೆ ಬಡಿಯಿತು, ಇನ್ನೊಂದು ಮೇಲಿನ ಅಡ್ಡಪಟ್ಟಿಗೆ. ಎರಡನೇ ಗೋಲು ಬಿದ್ದಿದ್ದರೆ ಕಥೆ ಮುಗಿದಿತ್ತು. ಬೀಳಲಿಲ್ಲ. ಹೆಚ್ಚುವರಿ ಸಮಯದಲ್ಲಿ ಶೆರಿಂಗಮ್, ಸೋಲ್‌ಸ್ಕಾರ್ ಎರಡು ಗೋಲು ಹೊಡೆದರು. ಆ ಎರಡೂವರೆ ನಿಮಿಷವನ್ನು ಜಗತ್ತು ಇವತ್ತಿಗೂ ನೋಡುತ್ತದೆ. ಅದಕ್ಕೂ ಹಿಂದಿನ ಎಂಬತ್ತು ಚಿಲ್ಲರೆ ನಿಮಿಷ ಆಟ ಒಂದೇ ಗೋಲಿನ ಅಂತರದಲ್ಲಿ ಉಳಿದದ್ದನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ನಾನೂ ನೋಡಿರಲಿಲ್ಲ, ಆ ರಾತ್ರಿಯವರೆಗೆ.

ನೋಡಲು ಕೂತದ್ದಕ್ಕೆ ಕಾರಣವಿತ್ತು. ಅದಕ್ಕೆ ಎರಡು ವಾರ ಮೊದಲು ನನ್ನ ಸಂಶೋಧನೆಯ ಮಂಡನೆ ಇತ್ತು. ಆ ವಾರವೆಲ್ಲ ರಾತ್ರಿ ಮನೆಗೆ ಫೋನ್ ಮಾಡಿದಾಗ ಅಣ್ಣ ಯಾವಾಗಿನಂತೆ, "ಎಂತ ಇಲ್ಲ ಮಾರಾಯ, ಎಲ್ಲ ಆರಾಮ. ನೀ ಓದ್ಕೋ" ಅಂದಿದ್ದ. ಮಂಡನೆ ಚೆನ್ನಾಗಿ ಆಯಿತು. ಚಪ್ಪಾಳೆಯೂ ಬಿತ್ತು. ಆಮೇಲೊಂದು ದಿನ ಅತ್ತೆ ಬೇರೆ ಯಾವುದಕ್ಕೋ ಫೋನ್ ಮಾಡಿದವರು, "ಅಪ್ಪಯ್ಯ ಈಗ ಹೇಗಿದ್ರಪ್ಪಾ?" ಎಂದು ಕೇಳಿದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆ ವಾರ ಅಪ್ಪಯ್ಯನಿಗೆ ಎದೆನೋವು ಬಂದು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಅಣ್ಣ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ, ಹಗಲು ತೋಟದಲ್ಲಿ. ಮಳೆ ಬಿಟ್ಟ ಒಂದೆರಡು ತಾಸಿನಲ್ಲಿ ಅಡಿಕೆಗೆ ಔಷಧಿ ಹೊಡೆಸದಿದ್ದರೆ ಕೊಳೆ ಬಂದು ಕಾಯೆಲ್ಲ ಉದುರುವ ಹೊತ್ತು ಅದು. ನನ್ನ ಫೋನ್ ಬಂದಾಗ ಅವನು ಆ ಬೆಂಚಿನಿಂದಲೇ "ಎಲ್ಲ ಆರಾಮ" ಅಂದಿದ್ದ.

ಸಿಟ್ಟು ಬಂತು. ಫೋನ್ ಮಾಡಿ ಕೂಗಾಡಿದೆ. ಅವನು ಎಲ್ಲ ಕೇಳಿಸಿಕೊಂಡು, "ನೀ ಬಂದು ಎಂತ ಮಾಡ್ತಿದ್ದೆ?" ಅಂದ. ನನ್ನಲ್ಲಿ ಉತ್ತರವಿರಲಿಲ್ಲ. ಕೂಗಾಡಿದ್ದು ಅವನ ಮೇಲಿನ ಸಿಟ್ಟಿಗಲ್ಲ ಎಂದು ಆಮೇಲೆ ಗೊತ್ತಾಯಿತು. ಅವನೂ ಓದಿನಲ್ಲಿ ಮುಂದಿದ್ದವನು. ಡಿಗ್ರಿ ಮುಗಿಸಿ ಮನೆಗೆ ಬಂದ, ತೋಟಕ್ಕೆ ಇಳಿದ. ನಾನು ಎಂ.ಎ.ಗೆ ಹೊರಟಾಗ, ಪಿಎಚ್‌ಡಿಗೆ ಸೇರಿದಾಗ, ಫೆಲೋಶಿಪ್ಪಿನ ಹಣ ತಿಂಗಳುಗಟ್ಟಲೆ ಬಾರದಿದ್ದಾಗ, ಹಿಂದೆ ತಿರುಗಿ ನೋಡುವ ಅಗತ್ಯವೇ ನನಗೆ ಬಿದ್ದಿರಲಿಲ್ಲ. ಅದನ್ನು ನಾನು ನನ್ನ ಶಕ್ತಿ ಅಂದುಕೊಂಡಿದ್ದೆ.

ಇರ್ವಿನ್ ಯುನೈಟೆಡ್‌ಗಾಗಿ ಕೊನೆಯ ಪಂದ್ಯ ಆಡಿದ್ದು 2002ರ ಮೇ 12ರಂದು, ಚಾರ್ಲ್ಟನ್ ವಿರುದ್ಧ. ಅವತ್ತು ಅವನನ್ನೇ ನಾಯಕನನ್ನಾಗಿ ಮಾಡಿದ್ದರು. ಪಂದ್ಯ 0–0. ರಕ್ಷಣೆಯವನ ಬೀಳ್ಕೊಡುಗೆಗೆ ಅದಕ್ಕಿಂತ ಒಪ್ಪುವ ಫಲಿತಾಂಶ ಇನ್ನೊಂದಿಲ್ಲ ಅನ್ನಿಸುತ್ತದೆ. ಆಮೇಲೆ ಮತ್ತೆ ಫ್ರೀ ಟ್ರಾನ್ಸ್‌ಫರ್, ಈ ಸಲ ಗೌರವದಿಂದ. 36ನೇ ವಯಸ್ಸಿಗೆ ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್ ಸೇರಿದ. ಮರುವರ್ಷವೇ ಆ ತಂಡ ಕಾರ್ಡಿಫ್‌ನಲ್ಲಿ ಶೆಫೀಲ್ಡ್ ಯುನೈಟೆಡ್ ತಂಡವನ್ನು 3–0ರಿಂದ ಸೋಲಿಸಿ ಪ್ರೀಮಿಯರ್ ಲೀಗಿಗೆ ಏರಿತು. 2004ರಲ್ಲಿ ಆಟ ನಿಲ್ಲಿಸಿದ.

ಆ ರಾತ್ರಿಯ ಪಂದ್ಯ ಮುಗಿಯುವಾಗ ಹಾಸ್ಟೆಲಿನಲ್ಲಿ ಎರಡು ಗಂಟೆಯಾಗಿತ್ತು. ಬೆಳಿಗ್ಗೆ ಅಣ್ಣನಿಗೆ ಫೋನ್ ಮಾಡಿದೆ. ಏನು ಸಮಾಚಾರ ಎಂದು ಕೇಳಿದೆ. "ಎಂತ ಇಲ್ಲ ಮಾರಾಯ, ಎಲ್ಲ ಆರಾಮ" ಅಂದ. ಯಾವಾಗಲೂ ಅಲ್ಲಿಗೆ ನಾನು ಫೋನ್ ಇಡುತ್ತಿದ್ದೆ. ಅವತ್ತು ಇಡಲಿಲ್ಲ. "ಎರಡನೇ ಸಲದ ಔಷಧಿ ಹೊಡೆದಾಯ್ತಾ? ಕೊನೆಗಾರ ಸಿಕ್ಕಿದ್ನಾ? ಅಪ್ಪಯ್ಯನ ಮಾತ್ರೆ ಯಾವ್ದು ಬದಲಾಯಿಸಿದ್ರು?" ಎಂದು ಕೇಳಿದೆ. ಅತ್ತ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಣ್ಣ ಹೇಳತೊಡಗಿದ. ನಲವತ್ತು ನಿಮಿಷ ಹೇಳಿದ.