ಹೊಸ ಅಂಗಡಿ, ಹಳೆಯ ಬಾಕಿ

ನಾನು ಬರೆಯಹೊರಟಿರುವುದು ಅಂಗಡಿಗಳ ವಿಷಯ. ಹಿಮಾಲಯವನ್ನೋ ಬೆಳದಿಂಗಳ ರಾತ್ರಿಯನ್ನೋ ಕುರಿತು ಬರೆದರೆ ಕಾಲೇಜಿನ ಪತ್ರಿಕೆಗೆ ಹೆಚ್ಚು ಒಪ್ಪುತ್ತದೆಂದು ಬಲ್ಲೆ. ಆದರೆ ಹಿಮಾಲಯವನ್ನು ನಾನು ಕಂಡಿಲ್ಲ. ಬೆಳದಿಂಗಳ ರಾತ್ರಿಗಳಲ್ಲಿ ನಮ್ಮೂರ ನಾಯಿಗಳು ಮಲಗಗೊಡುವುದಿಲ್ಲ. ಅಂಗಡಿಗಳನ್ನಾದರೋ ಮೂರು ವರ್ಷದಿಂದ ದಿನಕ್ಕೆರಡು ಬಾರಿ ಬಸ್ಸಿನ ಕಿಟಕಿಯಿಂದ ನೋಡುತ್ತ ಬಂದಿದ್ದೇನೆ.

ನಮ್ಮೂರು ಗುಬ್ಬಿಯಿಂದಾಚೆ. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರು. ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಹಾದಿಯಾದುದರಿಂದ ನಮ್ಮ ರಸ್ತೆಗೆ ಬಿ.ಎಚ್. ರಸ್ತೆಯೆಂದು ಹೆಸರು. ಈಗ ಅದನ್ನು ಬೋರ್ಡು-ಹೋಟೆಲುಗಳ ರಸ್ತೆಯೆಂದು ಬಿಡಿಸಿ ಓದಿದರೂ ತಪ್ಪಾಗದು. ನಾನು ಮೊದಲ ವರ್ಷದಲ್ಲಿದ್ದಾಗ ಗುಬ್ಬಿ ಗೇಟು ದಾಟಿದ ಮೇಲೆ ಒಂದು ಹೆಂಚಿನ ಮನೆ ಕಾಣುತ್ತಿತ್ತು. ಜಗಲಿಯ ಮೇಲೆ ಮುದುಕರೊಬ್ಬರು ಕುಳಿತು ದಿನಪತ್ರಿಕೆ ಓದುತ್ತಿದ್ದರು. ಒಂದು ದಿನ ಮನೆಯ ಸುತ್ತ ಹಸಿರು ಪರದೆ ಬಂತು. ಪರದೆ ತೆಗೆದಾಗ ಮೂರಂತಸ್ತಿನ ಗಾಜು. ಗಾಜಿನೊಳಗೆ ತಲೆಯಿಲ್ಲದ ಬೊಂಬೆಗಳು ಪ್ಯಾಂಟು ತೊಟ್ಟು ನಿಂತಿದ್ದವು. ಮುದುಕರು ಹಿತ್ತಲಿನ ಕೋಣೆಯಲ್ಲಿದ್ದಾರೆ, ತಿಂಗಳ ಬಾಡಿಗೆ ಚೆನ್ನಾಗಿ ಬರುತ್ತದೆ ಎಂದು ಗೆಳತಿಯೊಬ್ಬಳು ಹೇಳಿದಳು. ಪತ್ರಿಕೆಯನ್ನು ಅವರು ಈಗ ಯಾವ ಬೆಳಕಿನಲ್ಲಿ ಓದುತ್ತಾರೋ!

ಮಂಡಿಪೇಟೆ, ಚಿಕ್ಕಪೇಟೆಗಳಲ್ಲಿ ಹಳೆಯ ವ್ಯಾಪಾರ ನಡೆದೇ ಇದೆ. ಆದರೆ ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತಷ್ಟೆ. ರಸ್ತೆಗಳನ್ನು ಅಗೆದರು, ಮುಚ್ಚಿದರು, ಮತ್ತೆ ಅಗೆದರು. ಧೂಳು ಇಳಿದಾಗ ಎರಡೂ ಬದಿಗೆ ಹೊಸ ಅಂಗಡಿಗಳು ಎದ್ದಿದ್ದವು. ನಾಮಫಲಕದಲ್ಲಿ 60 ಪಾಲು ಕನ್ನಡವಿರಬೇಕೆಂದು 2024ರಲ್ಲಿ ಕಾನೂನಾದ ಮೇಲೆ ಅಕ್ಷರಗಳೇನೋ ಕನ್ನಡವಾದವು. ನಾಲ್ಕನೆಯ ತರಗತಿಯವರೆಗೆ ಓದಿರುವ ನನ್ನ ಅವ್ವ ಬಸ್ಸಿನಲ್ಲಿ ಅವನ್ನೆಲ್ಲ ಗಟ್ಟಿಯಾಗಿ ಓದುತ್ತಾಳೆ.

"ಫ್ಯಾಮಿಲಿ ಫ್ಯಾಷನ್ ಸ್ಟೋರ್. ಹಂಗಂದ್ರೇನು ಮಗಾ?"

"ಬಟ್ಟೆ ಅಂಗಡಿ ಕಣವ್ವ."

"ಹಂಗಂತ್ಲೇ ಬರ್ಯಕ್ಕೇನ್ ಬಂದೈತೆ ಇವ್ರಿಗೆ?"

ನಮ್ಮ ಅರ್ಥಶಾಸ್ತ್ರದ ತರಗತಿಯಲ್ಲಿ ಹೊಸ ಅಂಗಡಿಗಳೇಕೆ ಬರುತ್ತವೆಂಬುದಕ್ಕೆ ಬಂಡವಾಳ, ಬೇಡಿಕೆ ಮುಂತಾದ ಕಾರಣಗಳನ್ನು ಹೇಳುತ್ತಾರೆ. ನಾನು ಕಣ್ಣಾರೆ ಕಂಡ ಕಾರಣಗಳು ಎರಡು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣ ತಪ್ಪಿತು. ಅದೇ ಆಗಸ್ಟ್ 30ರಂದು ಗೃಹಲಕ್ಷ್ಮಿ ಆರಂಭವಾಗಿ, ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬೀಳತೊಡಗಿತು. ಅಲ್ಲಿಯವರೆಗೆ ಅವ್ವನ ಪಾಲಿಗೆ ಬಟ್ಟೆ ಅಂಗಡಿ ಎಂದರೆ ಗುಬ್ಬಿಯದೊಂದೇ. ದುಡ್ಡು ಎಂದರೆ ಅಪ್ಪ ಕೂಲಿಯಿಂದ ತಂದು ಕೊಟ್ಟಷ್ಟು. ಈಗ ಕೈಯಲ್ಲಿ ತನ್ನದೇ ಹಣ, ಬಾಗಿಲಿಗೆ ಬಿಟ್ಟಿ ಬಸ್ಸು. ಇನ್ನು ತುಮಕೂರು ದೂರವೆ?

ಅಕ್ಕನ ಮದುವೆ ಗೊತ್ತಾದಾಗ ಅವ್ವ ಕೂಡಿಟ್ಟಿದ್ದ ಹಣ ತೆಗೆದು, "ಆ ಗಾಜಿನ ಅಂಗ್ಡೀಗೆ ಕರ್ಕಂಡೋಗು" ಎಂದಳು. ಬಾಗಿಲಲ್ಲಿ ಸಮವಸ್ತ್ರ ತೊಟ್ಟ ಹುಡುಗಿಯೊಬ್ಬಳು "ಬನ್ನಿ ಮೇಡಂ" ಎಂದು ಕೈಮುಗಿದಳು. ಅವ್ವ ಹಿಂತಿರುಗಿ ನೋಡಿದಳು, ಬೇರೆ ಯಾರೋ ಬಂದರೆಂದು. ಒಳಗೆ ಒಂದು ಗಂಟೆಯ ಕಾಲ ಸೀರೆಗಳನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಯಾರೂ ಗದರಲಿಲ್ಲ. ಯಾವ ಊರು, ಯಾರ ಪೈಕಿ ಎಂದು ಒಬ್ಬರೂ ಕೇಳಲಿಲ್ಲ. ಸೀರೆಗೆ ಕಟ್ಟಿದ್ದ ಚೀಟಿಯಲ್ಲಿ ಬೆಲೆ 1,450. ಅವ್ವ ಅಭ್ಯಾಸಬಲದಿಂದ "ಸಾವಿರಕ್ಕೆ ಮಾಡ್ಕೊಡವ್ವ" ಎಂದಾಗ ಹುಡುಗಿ ನಕ್ಕು, ಬೆಲೆ ಇಳಿಸುವುದು ತನ್ನ ಕೈಲಿಲ್ಲ, ಕಂಪ್ಯೂಟರಿನಲ್ಲಿದೆ ಎಂದಳು. 19ನೆಯ ಶತಮಾನದ ನಡುವೆಯೇ ಪ್ಯಾರಿಸ್ಸಿನ ಬಾನ್ ಮಾರ್ಷೆ ಎಂಬ ಅಂಗಡಿ ಎಲ್ಲರಿಗೂ ಒಂದೇ ಬೆಲೆ ಬರೆದಿಟ್ಟು ಹೆಸರಾಯಿತಂತೆ. ಆ ಪದ್ಧತಿ ನಮ್ಮವ್ವನನ್ನು ಮುಟ್ಟಲು ಇಷ್ಟು ಕಾಲ ಹಿಡಿಯಿತು.

ಹಳೆಯ ಅಂಗಡಿ, ಹಳೆಯ ಹೋಟೆಲುಗಳು ಹೋದುವೆಂದು ನಿಟ್ಟುಸಿರು ಬಿಡುವವರನ್ನು ಕಂಡರೆ ನನಗೆ ನಮ್ಮ ತಾತನ ನೆನಪಾಗುತ್ತದೆ. ಅವರು ಹೋಟೆಲಿನ ಒಳಗೆ ಕುಳಿತು ಕಾಫಿ ಕುಡಿದವರಲ್ಲ. ಅವರ ಪಾಲಿನ ಲೋಟ ಹೊರಗಡೆ ಗೂಡಿನಲ್ಲಿರುತ್ತಿತ್ತು. ಕುಡಿದು, ತಾವೇ ತೊಳೆದು, ಬೋರಲು ಹಾಕಿ ಬರಬೇಕಿತ್ತು. 1950ರ ಸಂವಿಧಾನ ಅದನ್ನು ಅಳಿಸಿತ್ತು, 1955ರ ಕಾನೂನು ಅದನ್ನು ಅಪರಾಧವೆಂದಿತ್ತು. ಆದರೂ ನಮ್ಮ ಕಡೆಯ ಗೂಡಿನಲ್ಲಿ ಲೋಟ ಬಹುಕಾಲ ಉಳಿದಿತ್ತು. ಬೆಂಗಳೂರಿನ ಜಯನಗರದಲ್ಲಿ 1983ರಲ್ಲಿ ಮೊದಲಾದ ದರ್ಶಿನಿಗಳಂಥ, ಚೀಟಿ ಕೊಟ್ಟು ತಟ್ಟೆ ಪಡೆದು ನಿಂತು ತಿನ್ನುವ ಹೋಟೆಲು ತುಮಕೂರಿಗೂ ಬಂದಾಗ, ಕೂರಲು ಜಾಗವಿಲ್ಲವೆಂದು ಅನೇಕರು ಗೊಣಗಿದರು. ತಾತ ಮಾತ್ರ, ಎಲ್ಲರೂ ನಿಂತೇ ತಿನ್ನುವ ಹೋಟೆಲು ಒಳ್ಳೆಯದು ಎಂದಿದ್ದರು.

ಹೊಸ ಹೋಟೆಲುಗಳೆಂದಾಗ ಕುಣಿಗಲ್ಲಿನವನ್ನು ಹೇಳದೆ ಬಿಡಲಾರೆ. ಅಲ್ಲಿ ನಮ್ಮ ಚಿಕ್ಕಮ್ಮ ಇದ್ದಾಳೆ. ಮಂಗಳೂರಿನ ಹೆದ್ದಾರಿ ಊರನ್ನು ಬಳಸಿ ಹೊರಗಿನಿಂದ ಹೋದ ಮೇಲೆ, ಹಾಸನ, ಧರ್ಮಸ್ಥಳಗಳಿಗೆ ಹೋಗುವ ಬೆಂಗಳೂರಿನ ಕಾರುಗಳು ಊರೊಳಗೆ ಬರುವುದಿಲ್ಲ. ಹೋಟೆಲುಗಳೇ ಕಾರುಗಳನ್ನು ಹುಡುಕಿಕೊಂಡು ಹೆದ್ದಾರಿಗೆ ಹೋದವು. ಹಾಗೆ ಹೋದ ಒಂದರಲ್ಲಿ ಚಿಕ್ಕಮ್ಮ ಮುದ್ದೆ ತಿರುವುತ್ತಾಳೆ. ಅದರ ಗೋಡೆಗೆ ಗಾಡಿಯ ಚಕ್ರ, ಬಾಗಿಲಿಗೆ ನೊಗ, ಮೂಲೆಯಲ್ಲಿ ಬೀಸುವ ಕಲ್ಲು. ನಮ್ಮ ಮನೆಯ ಹಿತ್ತಲಲ್ಲಿ ಬಿದ್ದಿರುವ ಸಾಮಾನುಗಳಿಗೆಲ್ಲ ಅಲ್ಲಿ ದೀಪಾಲಂಕಾರ! ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಚಿಕ್ಕಮ್ಮನಿಗೆ ನಗು, ಆದರೆ ತಿಂಗಳು ತಿಂಗಳು ಸಂಬಳ ಕೈಗೆ ಬರುತ್ತದೆ. ಹೊಲದ ಕೂಲಿಯಲ್ಲಿ ಆ ನಂಬಿಕೆಯಿರಲಿಲ್ಲ.

ಇಷ್ಟೆಲ್ಲ ಹೊಸದರ ಪರವಾಗಿ ವಾದಿಸಿದ ಮೇಲೆ, ಗುಬ್ಬಿಯ ಬಟ್ಟೆ ಅಂಗಡಿಯ ಮಾತನ್ನು ಹೇಳಲೇಬೇಕು. ಆ ಸಾವುಕಾರರು ಅಂಗಡಿಯಲ್ಲಿ ಒಂದೇ ಜಮಖಾನೆ ಹಾಸಿದ್ದರು. ಅದರ ಮೇಲೆ ಎಲ್ಲರಿಗೂ ಜಾಗವಿತ್ತು, ನಮಗೂ ಕೂಡ. ಅವರ ಕೆಂಪು ಹೊದಿಕೆಯ ಉದ್ದನೆಯ ಪುಸ್ತಕದಲ್ಲಿ ಒಂದು ಪುಟ ನಮ್ಮಪ್ಪನದು. ಯುಗಾದಿಗೆ ಬರೆಸಿದ್ದು ದೀಪಾವಳಿಯ ಹೊತ್ತಿಗೆ ತೀರುತ್ತಿತ್ತು. ಅಷ್ಟರಲ್ಲಿ ಮತ್ತೊಂದು ಬರೆಸುವುದಿರುತ್ತಿತ್ತು. 2020ರ ಮಾರ್ಚ್ 25ರಿಂದ ದೇಶಕ್ಕೇ ಬೀಗ ಬಿತ್ತಷ್ಟೆ, ಆ ದಿನಗಳಲ್ಲಿಯೇ ತಾತ ತೀರಿಕೊಂಡರು. ಅಪ್ಪ ನಡೆದುಕೊಂಡು ಗುಬ್ಬಿಗೆ ಹೋಗಿ ಅವರ ಮನೆಯ ಬಾಗಿಲು ತಟ್ಟಿದರು. ಸಾವುಕಾರರು ಬಂದು ಅಂಗಡಿಯ ಶಟರನ್ನು ಅರ್ಧ ಎತ್ತಿ, ಬಗ್ಗಿ ಒಳಗೆ ಹೋಗಿ, ಹೊದಿಸಲು ಬಿಳಿಯ ಬಟ್ಟೆ ತಂದುಕೊಟ್ಟರು. ಅದನ್ನು ಪುಸ್ತಕದಲ್ಲಿ ಬರೆಯಲೇ ಇಲ್ಲ.

ಸೀರೆ ಕೊಂಡು ತುಮಕೂರಿನಿಂದ ಗುಬ್ಬಿಗೆ ಬಂದಿಳಿದೆವು. ನಮ್ಮೂರ ಬಸ್ಸು ನಿಲ್ಲುವ ಜಾಗಕ್ಕೆ ಹೋಗಬೇಕಾದರೆ ಅವರ ಅಂಗಡಿಯ ಮುಂದೆಯೇ ಹೋಗಬೇಕು. ಅವ್ವ ಚಕ್ಕನೆ ನಿಂತು, ಚೀಲದಲ್ಲಿದ್ದ ಸೀರೆ ತೆಗೆದು ನನ್ನ ಕೈಗೆ ಕೊಟ್ಟು, ಹೊಸ ಅಂಗಡಿಯ ಹೆಸರಿದ್ದ ಆ ಚೀಲವನ್ನು ಒಳಗು ಹೊರಗು ಮಾಡಿ ಸೀರೆಯನ್ನು ಮತ್ತೆ ತುಂಬಿದಳು. ನಾನು ಸುಮ್ಮನಿದ್ದೆ. ಇಬ್ಬರೂ ತಲೆ ತಗ್ಗಿಸಿ ನಡೆದೆವು.

"ಏನ್ ತಾಯಿ, ಬಿಸ್ಲಲ್ಲಿ ಹಂಗೇ ಹೊಂಟ್ರಿ? ಬನ್ನಿ, ನೀರು ಕುಡಿದು ಹೋಗಿ."

ಒಳಗೆ ಗಿರಾಕಿಗಳಿರಲಿಲ್ಲ. ಕಪಾಟಿನ ಮೇಲಿನ ಎರಡು ಅಡ್ಡೆಗಳು ಖಾಲಿಯಾಗಿದ್ದವು. ನೀರು ಕೊಟ್ಟು, ಅಕ್ಕನ ಮದುವೆ ಯಾವಾಗ ಎಂದು ವಿಚಾರಿಸಿದರು. ಆಮೇಲೆ ಚೀಲದ ಕಡೆಗೆ ನೋಡಿ, "ತೋರ್ಸಿ, ನಾನೂ ನೋಡ್ತೀನಿ" ಎಂದರು. ಅವ್ವ ತೆಗೆದುಕೊಟ್ಟಳು. ಅಂಚನ್ನು ಎರಡು ಬೆರಳಿನಲ್ಲಿ ಉಜ್ಜಿ ನೋಡಿದರು.

"ಎಷ್ಟಾಯ್ತು?"

"ಸಾವಿರ್ದ ನಾನೂರೈವತ್ತು, ಸಾವ್ಕಾರ್ರೆ."

"ನನಗೆ ಅಸಲೇ ಅಷ್ಟು ಬೀಳುತ್ತೆ. ಒಳ್ಳೇದೇ ತಂದಿದೀರಿ."

ಅದು ನಿಜವೋ ಅವ್ವನ ಮುಖ ನೋಡಿ ಆಡಿದ ಮಾತೋ, ಈಗಲೂ ನನಗೆ ತಿಳಿಯದು. ಅವ್ವ ಸೆರಗಿನ ಗಂಟು ಬಿಚ್ಚಿ, "ನಮ್ದು ಬಾಕಿ ಎಷ್ಟೈತೆ?" ಎಂದಳು. ಅವರು ಈಗೇನು ಅವಸರ ಎಂದರು. ಅವ್ವ ಬಿಡಲಿಲ್ಲ. 640 ರೂಪಾಯಿ ಇತ್ತು. ಎಣಿಸಿ ಕೊಟ್ಟಳು. ಸಾವುಕಾರರು ಕನ್ನಡಕ ಹಾಕಿಕೊಂಡು, ಪುಟ ಹುಡುಕಿ, ಅಪ್ಪನ ಹೆಸರಿನ ಕೆಳಗೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು. ಆ ಪುಸ್ತಕದಲ್ಲಿ ಅಂಥ ಗೆರೆಯೆಳೆದ ಪುಟಗಳು ಬಹಳ ಇದ್ದವು.

ಬಸ್ಸಿನಲ್ಲಿ ಕುಳಿತ ಮೇಲೆ ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಊರು ಹತ್ತಿರ ಬಂದಾಗ, ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದಳು:

"ಒಂದೈವತ್ ರೂಪಾಯ್ನಾದ್ರೂ ಉಳಿಸ್ಬೇಕಿತ್ತು ಕಣ್ ಮಗಾ."